ಓದುಗರ ಪ್ರಶ್ನೆ: ಹಿತ್ತಲ ಕುಂಬಳ, ಗಂಜಿ ದೆವ್ವ, ರಟ್ಟಿನ ಕಿರೀಟ

ಸಾಗರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು ನಾನು. ಮದುವೆಯಾಗಿ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು 21 ವರ್ಷ ಆಯಿತು. ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಸಿಹಿ ಕೇಳಲು ಹೋಗುವ ಇಲ್ಲಿಯ ಹಬ್ಬ. ನಮ್ಮ ಮನೆಯ ಹ್ಯಾಲೋವೀನ್ ತಯಾರಿಯ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಂಗಡಿಯಿಂದ ಅಲಂಕಾರ ತರುವುದಿಲ್ಲ, ಹಿತ್ತಲಲ್ಲಿ ಬೆಳೆದದ್ದು ಮತ್ತು ಮನೆಯಲ್ಲಿ ಇದ್ದದ್ದರಲ್ಲೇ ಎಲ್ಲ ಮಾಡುತ್ತೇವೆ ಅಂತ. ಅದನ್ನು ಓದಿ ತುಂಬಾ ಪತ್ರಗಳು ಬಂದಿವೆ. ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಎರಡು ವರ್ಷ. ಮಗಳಿಗೆ 6 ವರ್ಷ. ಅಂಗಡಿಯಲ್ಲಿ ಒಂದು ವೇಷಕ್ಕೆ 40 ಡಾಲರ್ ಹೇಳುತ್ತಾರೆ. ಮನೆಯಲ್ಲೇ ಮಾಡೋಣ ಅಂದರೆ ಹೊಲಿಗೆ ಯಂತ್ರ ಇಲ್ಲ, ನನಗೆ ಹೊಲಿಯಲು ಬರುವುದೂ ಇಲ್ಲ. ಏನು ಮಾಡಲಿ?
— ಒಬ್ಬ ತಾಯಿ, ಮಿಷಿಗನ್

ಉತ್ತರ: ತಂಗಿ, ಹೊಲಿಗೆ ಬೇಡವೇ ಬೇಡ. ಮೊದಲು ನಮ್ಮ ಮನೆಯ ಕಥೆ ಕೇಳಿ. 2011ರಲ್ಲಿ ನನ್ನ ಮಗಳಿಗೆ 5 ವರ್ಷ. ಅಂಗಡಿಯಿಂದ ಮಾಟಗಾತಿಯ ಉಡುಪು ತಂದೆ. ಬಟ್ಟೆ ತೆಳ್ಳಗೆ, ಪಾಲಿಯೆಸ್ಟರ್. ಹಾಕಿಸುವಾಗಲೇ ಬೆನ್ನಿನ ಜಿಪ್ಪು ಕಿತ್ತು ಬಂತು. ಹೊರಗೆ ಚಳಿ ಇತ್ತು. ಮೇಲೆ ದಪ್ಪ ಕೋಟು ಹಾಕಿಸಿದೆ. ಮಾಟಗಾತಿ ಪೂರ್ತಿ ಕೋಟಿನೊಳಗೆ ಸೇರಿಹೋದಳು. ಯಾವ ಮನೆಯವರಿಗೂ ಅವಳ ವೇಷ ಕಾಣಲಿಲ್ಲ. ಮನೆಗೆ ಬಂದು ಅತ್ತಳು. ಆ ಅಳು ನನಗೆ ಇವತ್ತಿಗೂ ನೆನಪಿದೆ.

ಮುಂದಿನ ವರ್ಷ ಅವಳೇ ಹೇಳಿದಳು, "ಅಮ್ಮಾ, ನಾನು ಕಾಗೆ ಆಗ್ತೀನಿ." ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಜ್ಜಿ ದಿನಾ ಮಧ್ಯಾಹ್ನ ಕಾಗೆಗೆ ಅನ್ನ ಇಡುವುದನ್ನು ನೋಡಿದ್ದಳು. ಆ ಕಾಗೆಯನ್ನು ಹೇಗೆ ಮಾಡಿದೆವು ಅಂತ ಹೇಳುತ್ತೇನೆ, ನೀವೂ ಮಾಡಬಹುದು.

ಮಗಳ ಅಳತೆಗಿಂತ ಎರಡು ಸೈಜು ದೊಡ್ಡದಾದ ಉದ್ದ ತೋಳಿನ ಕಪ್ಪು ಅಂಗಿ ತೆಗೆದುಕೊಳ್ಳಿ. ಇದು ಮುಖ್ಯ, ಯಾಕೆಂದರೆ ಒಳಗೆ ಬೆಚ್ಚನೆಯ ಥರ್ಮಲ್, ಅದರ ಮೇಲೆ ಒಂದು ಸ್ವೆಟರ್ ಹಿಡಿಸಬೇಕು. ಚಳಿಯ ಬಟ್ಟೆ ಒಳಗೆ, ವೇಷ ಹೊರಗೆ. ನಿಮ್ಮ ಹಳೆಯ ಕಪ್ಪು ಲಂಗ ಅಥವಾ ದುಪಟ್ಟಾ ಇದ್ದೇ ಇರುತ್ತದೆ. ಅದನ್ನು ಅಂಗೈ ಉದ್ದದ ಎಲೆಯ ಆಕಾರದಲ್ಲಿ ಕತ್ತರಿಸಿ. ನಮಗೆ ಸುಮಾರು 120 ಗರಿ ಬೇಕಾಯಿತು. ಬಟ್ಟೆಗೆ ಹಚ್ಚುವ ಅಂಟು ಕರಕುಶಲ ವಸ್ತುಗಳ ಅಂಗಡಿಯಲ್ಲಿ ಸಿಗುತ್ತದೆ. ತೋಳಿನ ಕೆಳಗಿನಿಂದ ಶುರು ಮಾಡಿ, ಹೆಂಚು ಹೊದಿಸಿದ ಹಾಗೆ ಸಾಲು ಸಾಲಾಗಿ ಮೇಲಕ್ಕೆ ಅಂಟಿಸುತ್ತಾ ಹೋಗಿ. ಮೇಲಿನ ಸಾಲು ಕೆಳಗಿನ ಸಾಲಿನ ಅಂಟನ್ನು ಮುಚ್ಚುತ್ತದೆ. ಒಂದು ರಾತ್ರಿ ಒಣಗಲಿ.

ಕೊಕ್ಕಿಗೆ ಮುಖವಾಡ ಬೇಡ. ಮುಖವಾಡ ಹಾಕಿದ ಮಗುವಿಗೆ ಪಕ್ಕದಿಂದ ಬರುವ ಕಾರು ಕಾಣುವುದಿಲ್ಲ. ಮುಂದೆ ಅಂಚು ಇರುವ ಹಳೆಯ ಟೋಪಿ ತೆಗೆದುಕೊಂಡು ಆ ಅಂಚಿಗೇ ರಟ್ಟಿನ ಕೊಕ್ಕು ಅಂಟಿಸಿ ಕಪ್ಪು ಬಣ್ಣ ಬಳಿಯಿರಿ. ಕಣ್ಣು ಪೂರ್ತಿ ಖಾಲಿ ಇರುತ್ತದೆ. ಬೆನ್ನ ಮೇಲೆ, ಗರಿಗಳ ನಡುವೆ, ಬೆಳಕಿಗೆ ಹೊಳೆಯುವ ಪಟ್ಟಿ ಎರಡು ತುಂಡು ಅಂಟಿಸಲು ಮರೆಯಬೇಡಿ. ಕಪ್ಪು ಕಾಗೆ ಕತ್ತಲಲ್ಲಿ ಕಾರಿನವರಿಗೆ ಕಾಣಬೇಕು, ಅಲ್ವಾ?

ಕೆಲಸವನ್ನು ಮಗಳ ಜೊತೆಗೇ ಮಾಡಿ. ಗರಿ ಎಣಿಸಲಿ, ಅಂಟು ಹಚ್ಚಲಿ, ಓರೆಕೋರೆ ಆದರೆ ಆಗಲಿ. ನನ್ನ ಮಗಳು ಅಂಟಿಸಿದ ಎಡ ತೋಳಿನ ಗರಿಗಳು ಎಲ್ಲ ಬೇರೆ ಬೇರೆ ದಿಕ್ಕಿಗೆ ನಿಂತಿದ್ದವು. ಗಾಳಿಗೆ ನಿಜವಾದ ಕಾಗೆಯ ಹಾಗೆ ಕಾಣುತ್ತಿದ್ದದ್ದು ಆ ತೋಳೇ.

ಪ್ರಶ್ನೆ: ನಾನು ಹಾಸನದವಳು. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದೇನೆ. ಮೊಮ್ಮಗ ತಲೆಬಾಗಿಲಿಗೆ ಪ್ಲಾಸ್ಟಿಕ್ ಅಸ್ಥಿಪಂಜರ ತೂಗುಹಾಕಿದ್ದಾನೆ. ಸೊಸೆ ಬಸುರಿ. ಬೆಳಿಗ್ಗೆ ಬಾಗಿಲು ತೆಗೆದರೆ ಅದೇ ಮುಖ. ಮಗನಿಗೆ ಹೇಳಿದರೆ "ಇಲ್ಲಿ ಎಲ್ಲರೂ ಹಾಕ್ತಾರೆ ಅಮ್ಮ" ಅನ್ನುತ್ತಾನೆ. ಮನಸ್ಸಿಗೆ ಕಿರಿಕಿರಿ. ಇದು ಅಪಶಕುನ ಅಲ್ಲವೇ?
— ಒಬ್ಬ ಅಜ್ಜಿ, ಇಲಿನಾಯ್

ಉತ್ತರ: ಅಮ್ಮಾ, ನಿಮ್ಮ ಕಿರಿಕಿರಿ ನನಗೆ ಅರ್ಥವಾಗುತ್ತದೆ. ನಮ್ಮ ಅತ್ತೆ ಮೊದಲ ಸಲ ಇಲ್ಲಿಗೆ ಬಂದಾಗಲೂ ಹೀಗೇ ಆಗಿತ್ತು. ಎದುರು ಮನೆಯ ಅಂಗಳದಲ್ಲಿ ಗೋರಿಕಲ್ಲು, ಮಣ್ಣಿನಿಂದ ಮೇಲೆ ಬಂದ ಕೈ. ಅವರು ಆ ಕಡೆಯ ಕಿಟಕಿಯ ಪರದೆಯನ್ನು ಒಂದು ತಿಂಗಳು ತೆಗೆಯಲಿಲ್ಲ.

ಆಗ ಅವರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಹಬ್ಬದ ಬೇರು ಐರ್ಲೆಂಡ್ ಕಡೆಯ ಕೆಲ್ಟಿಕ್ ಜನರಲ್ಲಿ ಇದೆ. ಅಲ್ಲಿ ಅಕ್ಟೋಬರ್ ಕೊನೆ ಅಂದರೆ ಕೊಯ್ಲು ಮುಗಿದು ಚಳಿಗಾಲ ಶುರುವಾಗುವ ಹೊತ್ತು. ಆ ರಾತ್ರಿ ಸತ್ತವರಿಗೂ ಬದುಕಿದವರಿಗೂ ನಡುವಿನ ಗೋಡೆ ತೆಳ್ಳಗಾಗುತ್ತದೆ ಅಂತ ಅವರ ನಂಬಿಕೆ. ಆ ಹಬ್ಬದ ಹೆಸರು ಸಾವಿನ್. ಆಮೇಲೆ ಕ್ರೈಸ್ತರು ನವೆಂಬರ್ 1ನ್ನು ಎಲ್ಲ ಸಂತರ ದಿನ ಮಾಡಿದರು. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಐರ್ಲೆಂಡಿನಲ್ಲಿ ಬರ ಬಂದಾಗ ಲಕ್ಷಾಂತರ ಜನ ಅಮೆರಿಕಕ್ಕೆ ಬಂದರು. ಬರುವಾಗ ಈ ಹಬ್ಬವನ್ನೂ ತಂದರು. ಊರಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದವರಿಗೆ ಇಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ನಮ್ಮ ಮಹಾಲಯ ಅಮಾವಾಸ್ಯೆ ಬರುವುದೂ ಇದಕ್ಕೆ ಸ್ವಲ್ಪ ಮುಂಚೆ. ಹಿರಿಯರು ಬಾಗಿಲಿಗೆ ಬರುತ್ತಾರೆ ಅಂತ ನಾವೂ ಎಡೆ ಇಡುತ್ತೇವೆ.

ಇನ್ನು ಬಾಗಿಲಲ್ಲಿ ಭಯದ ಮುಖ ಇಡುವುದು ನಮಗೆ ಹೊಸದಲ್ಲ. ಹೊಸ ಮನೆ ಕಟ್ಟುವಾಗ ದೃಷ್ಟಿ ಬೊಂಬೆ ಕಟ್ಟುತ್ತೇವೆ. ಬೂದುಗುಂಬಳಕ್ಕೆ ಕಣ್ಣು, ಮೀಸೆ, ಕೋರೆಹಲ್ಲು ಬರೆದು ಬಾಗಿಲ ಮೇಲೆ ತೂಗುಹಾಕುತ್ತೇವೆ. ನಾನು ಚಿಕ್ಕವಳಿದ್ದಾಗ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಸುದ್ದಿ ಹಬ್ಬಿ ಎಷ್ಟೋ ಊರುಗಳಲ್ಲಿ ಮನೆ ಮುಂದೆ "ನಾಳೆ ಬಾ" ಅಂತ ಬರೆದಿದ್ದರು. ಕೆಟ್ಟದ್ದು ಒಳಗೆ ಬರಬಾರದು ಅಂತ ಹೊರಗೆ ಕೆಟ್ಟ ಮುಖ ಇಡುವುದು ಇಲ್ಲಿಯ ಜನಕ್ಕೂ ನಮಗೂ ಒಂದೇ. ಹಾಗಾಗಿ ಅಪಶಕುನ ಅಂತ ಹೆದರಬೇಡಿ.

ಆದರೆ ನಿಮ್ಮ ಮನಸ್ಸಿಗೆ ಹಿಡಿಸದ್ದನ್ನು ಸುಮ್ನೆ ಸಹಿಸಿಕೊಳ್ಳಿ ಅಂತಲೂ ನಾನು ಹೇಳುವುದಿಲ್ಲ. ಮೊಮ್ಮಗನನ್ನು ಕರೆದು "ನಾವಿಬ್ಬರೂ ಸೇರಿ ಬೆದರುಬೊಂಬೆ ಮಾಡೋಣ ಬಾ" ಅನ್ನಿ. ಹಾಸನದ ಹೊಲದಲ್ಲಿ ನೀವು ಎಷ್ಟು ಬೆದರುಬೊಂಬೆ ನೋಡಿಲ್ಲ! ಇಲ್ಲಿಯ ಹ್ಯಾಲೋವೀನ್ ಅಲಂಕಾರದಲ್ಲೂ ಬೆದರುಬೊಂಬೆಗೆ ದೊಡ್ಡ ಜಾಗ ಇದೆ. ಈ ತಿಂಗಳು ಹುಲ್ಲಿನ ಕಟ್ಟು ಎಲ್ಲ ತೋಟದ ಅಂಗಡಿಗಳಲ್ಲೂ ಸಿಗುತ್ತದೆ.

ನಮ್ಮ ಮನೆಯ ಬೆದರುಬೊಂಬೆ ಮಾಡಿದ್ದು ನಮ್ಮ ಅತ್ತೆಯೇ. ಎರಡು ಕೋಲು ಅಡ್ಡ ಕಟ್ಟಿ, ಮಾವನ ಹಳೆಯ ಶರಟು ತೊಡಿಸಿ, ಒಳಗೆ ಹುಲ್ಲು ತುಂಬಿದರು. ತಲೆಗೆ ಮಡಕೆ ಬೇಕಿತ್ತು, ಸಿಗಲಿಲ್ಲ. ಹಿಂದಿನ ವರ್ಷ ಹಿತ್ತಲಲ್ಲಿ ಬೆಳೆದ ಸೋರೆಕಾಯಿಯೊಂದು ಗ್ಯಾರೇಜಿನಲ್ಲಿ ಒಣಗಿ ಗಟ್ಟಿಯಾಗಿತ್ತು. ಅಲುಗಾಡಿಸಿದರೆ ಬೀಜ ಗಲಗಲ ಅನ್ನುತ್ತಿತ್ತು. ಅತ್ತೆ ಅದನ್ನೇ ತಲೆ ಮಾಡಿದರು. ಕಪ್ಪು ಬಣ್ಣ ಬಳಿದು ಬಿಳಿ ಬೊಟ್ಟು ಇಟ್ಟರು. ಮಗ "ಇದೇನಜ್ಜಿ?" ಅಂದ. "ಸೋರೆ ಬುರುಡೆ" ಅಂದರು. ಅವನಿಗೆ ತಲೆಬುರುಡೆ ಅನ್ನುವ ಮಾತು ಗೊತ್ತಿತ್ತು. ಒಂದೇ ಬುರುಡೆ, ಸೋರೆಗೂ ತಲೆಗೂ! ಆ ದಿನ ಇಡೀ ಮನೆ ತುಂಬಾ "ಬುರುಡೆ, ಬುರುಡೆ" ಅಂತ ಓಡಾಡಿದ. ಅತ್ತೆ ಪರದೆ ತೆಗೆದದ್ದು ಅವತ್ತೇ. ತಾವು ಮಾಡಿದ ಬೊಂಬೆ ಕಿಟಕಿಯಿಂದ ಕಾಣುತ್ತದಾ ಅಂತ ನೋಡಬೇಕಿತ್ತು.

ಅಸ್ಥಿಪಂಜರವನ್ನು ಮೊಮ್ಮಗ ಬೇಕಾದರೆ ಅಂಗಳದ ಮರಕ್ಕೆ ಕಟ್ಟಲಿ. ತಲೆಬಾಗಿಲು ಬೆದರುಬೊಂಬೆಗೆ ಇರಲಿ. ಹೊಸ್ತಿಲಿಗೆ ನೀವು ಎಂದಿನಂತೆ ರಂಗೋಲಿ ಹಾಕಿ.

ಪ್ರಶ್ನೆ: ಹೋದ ವರ್ಷ ಕೆತ್ತಿದ ಕುಂಬಳಕಾಯಿ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿದು ಕುಸಿಯಿತು. ಅಳಿಲುಗಳೂ ಬಿಡಲಿಲ್ಲ. ನೀವು ಹಿತ್ತಲಲ್ಲೇ ಬೆಳೆಯುತ್ತೀರಂತೆ. ಹೇಗೆ?
— ಒಬ್ಬ ಓದುಗ, ನ್ಯೂಜೆರ್ಸಿ

ಉತ್ತರ: ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಬೀಜ ಹಾಕುವುದು ಮೇ ಕೊನೆಗೆ ಅಥವಾ ಜೂನ್ ಮೊದಲ ವಾರದಲ್ಲಿ. ಇಬ್ಬನಿ ಹೆಪ್ಪುಗಟ್ಟುವ ಕಾಲ ಮುಗಿದಿರಬೇಕು, ಮಣ್ಣು ಬೆಚ್ಚಗಾಗಿರಬೇಕು. ಕೆತ್ತುವ ಕುಂಬಳಕ್ಕೆ ಬೀಜದಿಂದ ಕಾಯಿಗೆ ಸುಮಾರು 100 ದಿನ. ಇನ್ನೂ ಬೇಗ ಹಾಕಿದರೆ ಆಗಸ್ಟಿನಲ್ಲೇ ಹಣ್ಣಾಗಿ ಹಬ್ಬದ ಹೊತ್ತಿಗೆ ಕೊಳೆಯುತ್ತದೆ. ಒಂದು ಬಳ್ಳಿಗೆ ಮೂರು ಮೀಟರ್ ಜಾಗ ಬೇಕು. ನಾನು ಹುಲ್ಲುಹಾಸಿನ ಒಂದು ಮೂಲೆಯನ್ನೇ ಬಿಟ್ಟುಕೊಟ್ಟಿದ್ದೇನೆ.

ಮೊದಲು ಬರುವುದೆಲ್ಲ ಗಂಡು ಹೂವು. ಕಾಯಿ ಕಚ್ಚುತ್ತಿಲ್ಲ ಅಂತ ಗಾಬರಿ ಬೇಡ. ಆ ಹೂವು ಕಿತ್ತು ಬಜ್ಜಿ ಮಾಡಿ. ಬಳ್ಳಿಯ ಕುಡಿ ಚಿವುಟಿ ಪಲ್ಯ ಮಾಡಿ. ಹತ್ತು ಹದಿನೈದು ದಿನ ಕಳೆದ ಮೇಲೆ ಬುಡದಲ್ಲಿ ಗೋಲಿಯಂತಹ ಹೀಚು ಇರುವ ಹೆಣ್ಣು ಹೂವು ಬರುತ್ತದೆ. ಅದು ಅರಳುವುದು ಬೆಳಿಗ್ಗೆ, ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಜೇನುಹುಳ ಕಮ್ಮಿ ಇದ್ದರೆ ಗಂಡು ಹೂವಿನ ಎಸಳು ಕಿತ್ತು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ನೀವೇ ಸವರಿ. ಕಾಫಿ ಕುಡಿಯುವ ಮುಂಚೆ ಮಾಡಿ ಮುಗಿಸುವ ಕೆಲಸ ಇದು.

ಈಗ ನಮ್ಮ ಮನೆಯ ವಿಶೇಷ. ಆಗಸ್ಟ್ ಮೊದಲ ವಾರ, ಕಾಯಿ ಮೂಸಂಬಿಗಿಂತ ದೊಡ್ಡದಾಗಿ ಇನ್ನೂ ಹಸಿರಾಗಿರುವಾಗ, ಮೊಳೆಯ ಮೊನೆಯಿಂದ ಅದರ ಸಿಪ್ಪೆಯ ಮೇಲೆ ಹೆಸರು ಬರೆಯುತ್ತೇವೆ. ಆಳ ಬೇಡ, ಸಿಪ್ಪೆ ಗೀಚಿದರೆ ಸಾಕು. ರಸ ಒಸರುತ್ತದೆ, ಒಣಗುತ್ತದೆ, ಗಾಯ ಮಾಯುತ್ತದೆ. ಕಾಯಿ ಬೆಳೆದ ಹಾಗೆ ಅಕ್ಷರವೂ ಬೆಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಕಿತ್ತಳೆ ಬಣ್ಣದ ಕಾಯಿಯ ಮೇಲೆ ಮರದ ತೊಗಟೆಯ ಬಣ್ಣದಲ್ಲಿ ಹೆಸರು ಉಬ್ಬಿ ನಿಂತಿರುತ್ತದೆ. ನಾವು ಬರೆಯುವುದು ಕನ್ನಡದಲ್ಲಿ. ನನ್ನ ಮಕ್ಕಳಿಬ್ಬರೂ ಕನ್ನಡದಲ್ಲಿ ತಮ್ಮ ಹೆಸರು ಬರೆಯಲು ಕಲಿತದ್ದು ಪುಸ್ತಕದಲ್ಲಿ ಅಲ್ಲ, ಕುಂಬಳಕಾಯಿಯ ಮೇಲೆ. ಮಗ 5 ವರ್ಷದವನಿದ್ದಾಗ ಒಂದು ಒತ್ತಕ್ಷರ ಬಿಟ್ಟಿದ್ದ. ಎರಡು ತಿಂಗಳು ಆ ತಪ್ಪು ಕಣ್ಣೆದುರೇ ದೊಡ್ಡದಾಗುತ್ತಾ ಹೋಯಿತು. ಆಮೇಲೆ ಒಂದು ಸಲವೂ ಬಿಟ್ಟಿಲ್ಲ.

ಉಗುರು ಊರಿದರೆ ಸಿಪ್ಪೆಗೆ ಇಳಿಯದಿದ್ದರೆ ಕಾಯಿ ಬಲಿತಿದೆ ಅಂತ ಅರ್ಥ. ನಾಲ್ಕು ಬೆರಳಷ್ಟು ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಹಿಡಿದು ಎತ್ತಬೇಡಿ, ಅದು ಮುರಿದರೆ ಅಲ್ಲಿಂದಲೇ ಕೊಳೆ ಶುರು. ಹತ್ತು ದಿನ ಬಿಸಿಲಿಗೆ ಇಟ್ಟು ತಿರುಗಿಸುತ್ತಿರಿ. ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಸೂಚನೆ ಇದ್ದರೆ ಒಳಗೆ ತನ್ನಿ. ಹೀಗೆ ಒಣಗಿಸಿದ, ಕೆತ್ತದ ಕಾಯಿ ತಂಪಾದ ಜಾಗದಲ್ಲಿ ಎರಡು ಮೂರು ತಿಂಗಳು ಇರುತ್ತದೆ.

ಕೆತ್ತುವ ಕಾಯಿ ಬೇರೆ, ಹೆಸರಿನ ಕಾಯಿ ಬೇರೆ. ಹೆಸರಿನದ್ದನ್ನು ನಾವು ಕೆತ್ತುವುದೇ ಇಲ್ಲ. ಕೆತ್ತುವುದನ್ನು ಅಕ್ಟೋಬರ್ 29 ಅಥವಾ 30ಕ್ಕೆ ಇಟ್ಟುಕೊಳ್ಳಿ. ಒಂದು ವಾರಕ್ಕಿಂತ ಜಾಸ್ತಿ ಯಾವ ಕೆತ್ತಿದ ಕಾಯಿಯೂ ಚೆನ್ನಾಗಿ ಉಳಿಯುವುದಿಲ್ಲ. ಮೇಲೆ ಮುಚ್ಚಳ ಕೊರೆಯುವ ಬದಲು ತಳದಲ್ಲಿ ಕೊರೆಯಿರಿ, ಕಾಯಿ ಕುಸಿಯುವುದು ತಡವಾಗುತ್ತದೆ. ಒಳಗಿನ ನಾರು ಒಂದಿಷ್ಟೂ ಉಳಿಯದ ಹಾಗೆ ಚಮಚದಿಂದ ಕೆರೆಯಿರಿ, ಬೂಷ್ಟು ಹಿಡಿಯುವುದು ಅಲ್ಲೇ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಹಾಕಿ ಕಾಯಿಯನ್ನು ಅದ್ದಿ ತೆಗೆದು ಒಣಗಿಸಿ. ಅಳಿಲಿಗೆ ನಮ್ಮ ಅಡುಗೆಮನೆಯಲ್ಲೇ ಔಷಧಿ ಇದೆ. ಖಾರದ ಪುಡಿಯನ್ನು ನೀರಲ್ಲಿ ಕಲಸಿ ಹೊರಗಡೆ ಸವರಿ. ಮಳೆ ಬಂದರೆ ಮತ್ತೊಮ್ಮೆ ಸವರಬೇಕು. ಆ ಕಾಯಿಯನ್ನು ಮುಟ್ಟಿದ ಕೈಯನ್ನು ಮಕ್ಕಳು ಕಣ್ಣಿಗೆ ಒರೆಸಿಕೊಳ್ಳದಂತೆ ನೋಡಿಕೊಳ್ಳಿ.

ಒಳಗೆ ಮೇಣದಬತ್ತಿ ಬೇಡ, ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪ ಇಡಿ. ಮೆಟ್ಟಿಲ ಮೇಲೆ ಇಟ್ಟ ಕುಂಬಳದ ಪಕ್ಕದಲ್ಲಿ ಮಕ್ಕಳ ಉದ್ದ ಬಟ್ಟೆ ಹಾದುಹೋಗುತ್ತದೆ.

ಇನ್ನೊಂದು ವಿಷಯ. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಅತ್ತೆ ಇರುವಾಗ ಮೊದಲ ಏಟು ಮಾವನದ್ದು, ಆಮೇಲೆ ಚಾಕು ಮಗಳ ಕೈಗೆ. ಅವರ ಮನಸ್ಸಿಗೂ ಸಮಾಧಾನ, ಮಗಳಿಗೂ ಖುಷಿ. ಆ ಸಣ್ಣ ಹೊಂದಾಣಿಕೆ ನನಗೆ ಭಾರ ಅನ್ನಿಸಿಲ್ಲ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಈ ಸಲ ಪಂಜುರ್ಲಿ ದೈವದ ವೇಷ ಹಾಕಬೇಕು ಅಂತ ಹಟ. ಬಣ್ಣ, ಉಡುಪು ನಾನೇ ಮಾಡಬಲ್ಲೆ. ಮಾಡಬಹುದಾ?
— ಒಬ್ಬ ತಂದೆ, ಕ್ಯಾಲಿಫೋರ್ನಿಯಾ

ಉತ್ತರ: ಬೇಡ. ದಯವಿಟ್ಟು ಬೇಡ. ತುಳುನಾಡಿನಲ್ಲಿ ಅದು ವೇಷ ಅಲ್ಲ, ಆರಾಧನೆ. ಕೋಲ, ಅಂದರೆ ದೈವದ ಸೇವೆಯ ಕುಣಿತ, ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ತಲೆತಲಾಂತರದಿಂದ ಬಂದ ಹಕ್ಕು ಮತ್ತು ಹೊಣೆ ಅದು. ವ್ರತ ಹಿಡಿದು, ಅಪ್ಪಣೆ ಪಡೆದು, ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಪ್ರಭಾವಳಿ) ಕಟ್ಟುತ್ತಾರೆ. ಆ ಹೊತ್ತಿಗೆ ಜನ ಅವರ ಮುಂದೆ ಕೈಮುಗಿದು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅದನ್ನು ಚಾಕೊಲೇಟ್ ಚೀಲ ಹಿಡಿದ ಮಗುವಿಗೆ ತೊಡಿಸುವುದು ಅವರಿಗೆ ನೋವು ಕೊಡುತ್ತದೆ. ಮಗನಿಗೆ ಈ ಕಾರಣವನ್ನೇ ಹೇಳಿ, 9 ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಬಣ್ಣ, ಕಿರೀಟ, ಗೆಜ್ಜೆ ಅವನಿಗೆ ಬೇಕು ಅಂದರೆ ಯಕ್ಷಗಾನ ಇದೆ. ಅದಕ್ಕೂ ಗೌರವ ಬೇಕು, ಆದರೆ ಅದು ಆಟ. ನಮ್ಮೂರಲ್ಲಿ ಆಟ ನೋಡಿ ಬಂದ ಮಾರನೇ ದಿನ ಮಕ್ಕಳೆಲ್ಲ ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು ಕುಣಿಯುತ್ತಿದ್ದೆವು. ಹುಲಿವೇಷವೂ ಚೆನ್ನಾಗಿರುತ್ತದೆ. ಮಂಗಳೂರಿನ ದಸರಾದಲ್ಲಿ ಮಕ್ಕಳೂ ಮರಿಹುಲಿಗಳಾಗಿ ಕುಣಿಯುತ್ತಾರೆ.

2019ರಲ್ಲಿ ನನ್ನ ಮಗನಿಗೆ 8 ವರ್ಷ, ಅವನಿಗೆ ಯಕ್ಷಗಾನದ ಅಭಿಮನ್ಯುವಿನ ಕಿರೀಟ ಮಾಡಿದೆವು. ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆಗಳನ್ನು ತಿಂಗಳುಗಟ್ಟಲೆ ಕೂಡಿಟ್ಟಿದ್ದೆ. ರಟ್ಟು ಕತ್ತರಿಸಿ ಮೂರು ಪದರ ಅಂಟಿಸಿದೆವು. ಮೇಲೆ ಹೊಳೆಯುವ ಚಿನ್ನದ ಬಣ್ಣದ ಕಾಗದ. ಅಂಚಿಗೆ ನನ್ನ ಅಮ್ಮನ ಹರಿದ ರೇಷ್ಮೆ ಸೀರೆಯ ಜರಿ. ಕನ್ನಡಿ ಚೂರಿನ ಬದಲು ಹಳೆಯ ಸಿಡಿಯ ತುಂಡುಗಳನ್ನು ಅಂಚು ಉಜ್ಜಿ ಅಂಟಿಸಿದೆವು. ಮೂರು ವಾರ ಊಟದ ಮೇಜಿನ ಮೇಲೆ ಊಟಕ್ಕೆ ಜಾಗ ಇರಲಿಲ್ಲ, ನೆಲದ ಮೇಲೆ ಕೂತು ಉಂಡೆವು. ಕಿರೀಟದ ತೂಕ 600 ಗ್ರಾಂ. ಗಲ್ಲದ ಕೆಳಗೆ ಮೆತ್ತನೆಯ ಪಟ್ಟಿ ಹಾಕಿದ್ದರಿಂದ ನೋಯಲಿಲ್ಲ. ಮುಖದ ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ತುರಿಕೆ ಬರುವುದಿಲ್ಲ ಅಂತ ನೋಡಿಕೊಂಡಿದ್ದೆವು. ಇದನ್ನು ನೀವೂ ತಪ್ಪದೆ ಮಾಡಿ.

ಆ ಸಂಜೆ ಮಗ ಕಾಲಿಗೆ ಗೆಜ್ಜೆ ಕಟ್ಟಿದ್ದ. ಅವನು ಬರುವ ಮುಂಚೆ ಗೆಜ್ಜೆಯ ಸದ್ದು ಬರುತ್ತಿತ್ತು. ಜನ ಬೆಲ್ ಒತ್ತುವ ಮೊದಲೇ ಬಾಗಿಲು ತೆಗೆದು ನಿಂತಿರುತ್ತಿದ್ದರು. ಪ್ರತಿ ಮನೆಯಲ್ಲೂ "ಯಾರು ನೀನು?" ಅಂತ ಕೇಳಿದರು. ಅವನು ಪ್ರತಿ ಮನೆಯಲ್ಲೂ ನಿಂತು ಅಭಿಮನ್ಯುವಿನ ಕಥೆ ಹೇಳಿದ. ಎರಡು ಗಂಟೆಯಲ್ಲಿ ಹನ್ನೊಂದೇ ಮನೆ ಮುಗಿಯಿತು. ಚೀಲ ತುಂಬಲಿಲ್ಲ. ಅವನಿಗೆ ಅದರ ನೆನಪೇ ಇರಲಿಲ್ಲ.

ಪ್ರಶ್ನೆ: ಚೀಲ ಹಿಡಿದು ಮನೆ ಮನೆಗೆ ಹೋಗಿ ಸಿಹಿ ಕೇಳುವುದು ಭಿಕ್ಷೆ ಬೇಡಿದ ಹಾಗೆ ಅಲ್ವಾ? ನನಗೆ ಮುಜುಗರ ಆಗುತ್ತದೆ.
— ಒಬ್ಬ ಓದುಗ, ಟೆಕ್ಸಾಸ್

ಉತ್ತರ: ನಮ್ಮ ಮಲೆನಾಡಿನ ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆ ಅಂತ ಇದೆ. ಊರಿನ ಗಂಡಸರ ಗುಂಪು ಹಚ್ಚಿದ ದೀಪ ಹಿಡಿದುಕೊಂಡು ರಾತ್ರಿ ಪೂರ್ತಿ ಮನೆ ಮನೆಗೆ ಹಾಡುತ್ತಾ ಹೋಗುತ್ತದೆ. ಆ ದೀಪ ಆರಬಾರದು. ಮನೆಯವರು ಬಾಗಿಲು ತೆಗೆದು, ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿ, ಕಾಯಿ, ಹಣ ಕೊಡುತ್ತಾರೆ. ನಡುರಾತ್ರಿ ದೂರದಿಂದ ಹಾಡು ಕೇಳಿದರೆ ನಮ್ಮ ಅಜ್ಜಿ ಎದ್ದು ಮೊರಕ್ಕೆ ಅಕ್ಕಿ ತುಂಬಿಕೊಂಡು ಕಾಯುತ್ತಿದ್ದರು. ಅವರು ಬಾರದೆ ಹೋದರೆ ಬೇಜಾರು. ಅದನ್ನು ಯಾರೂ ಭಿಕ್ಷೆ ಅನ್ನಲಿಲ್ಲ.

ಇಲ್ಲಿ ಬಂದ ಮೊದಲ ವರ್ಷ ನಮಗೆ ಅಕ್ಕಪಕ್ಕದ ಒಬ್ಬರ ಪರಿಚಯವೂ ಇರಲಿಲ್ಲ. ಹ್ಯಾಲೋವೀನ್ ಸಂಜೆ ಬಾಗಿಲಿನ ದೀಪ ಹಚ್ಚಿಟ್ಟೆ. ದೀಪ ಇದ್ದ ಮನೆಗೆ ಮಾತ್ರ ಮಕ್ಕಳು ಬರುತ್ತಾರೆ ಅಂತ ಯಾರೋ ಹೇಳಿದ್ದರು. ಒಂದು ಸಂಜೆಗೆ ನಲವತ್ತು ಮಕ್ಕಳು, ಅವರ ಹಿಂದೆ ಅವರ ಅಪ್ಪ ಅಮ್ಮ. ಎಲ್ಲರೂ ನನ್ನ ಬಾಗಿಲಿಗೆ ಬಂದು ನಕ್ಕು ಮಾತಾಡಿಸಿ ಹೋದರು. ಅವತ್ತು ರಾತ್ರಿ ನನಗೆ ಅಜ್ಜಿಯ ಮೊರ ನೆನಪಾಯಿತು.

ಪ್ರಶ್ನೆ: ಮಗನಿಗೆ ಕಡಲೆಕಾಯಿ ಆಗುವುದಿಲ್ಲ. ನಾವು ಸಸ್ಯಾಹಾರಿಗಳು ಬೇರೆ. ಏನು ತಿನ್ನಬಹುದು, ನಾವು ಏನು ಹಂಚಬಹುದು?
— ಒಬ್ಬ ತಾಯಿ, ಮ್ಯಾಸಚೂಸೆಟ್ಸ್

ಉತ್ತರ: ಗಮ್ಮಿ, ಮಾರ್ಷ್‌ಮೆಲ್ಲೊ, ಕ್ಯಾಂಡಿ ಕಾರ್ನ್, ಇವುಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು. ಸಣ್ಣ ಪೊಟ್ಟಣಗಳ ಮೇಲೆ ಎಷ್ಟೋ ಸಲ ಪದಾರ್ಥದ ಪಟ್ಟಿ ಇರುವುದಿಲ್ಲ. ಹಾಗಾಗಿ ಮನೆಗೆ ಬಂದು ಚೀಲ ಸುರಿದು, ನೀವು ನೋಡಿದ ಮೇಲೇ ತಿನ್ನುವುದು ಅಂತ ಮೊದಲೇ ಮಾತು ಮಾಡಿಕೊಳ್ಳಿ. ತಿನ್ನಲಾಗದ್ದಕ್ಕೆ ಬದಲು ಕೊಡಲು ನಿಮ್ಮ ಹತ್ತಿರ ಬೇರೆ ಏನಾದರೂ ಇರಲಿ.

ನೀಲಿ ಹಸಿರು ಬಣ್ಣ ಬಳಿದ ಕುಂಬಳಕಾಯಿ ಬಾಗಿಲಲ್ಲಿ ಕಂಡರೆ ಆ ಮನೆಯಲ್ಲಿ ತಿಂಡಿಯಲ್ಲದ ಉಡುಗೊರೆಯೂ ಸಿಗುತ್ತದೆ ಅಂತ ಅರ್ಥ. ಅಲರ್ಜಿ ಇರುವ ಮಕ್ಕಳಿಗಾಗಿ 2014ರಿಂದ ಇದು ದೇಶದ ತುಂಬ ಹರಡಿದೆ. ನಾವೂ ಒಂದು ಕಾಯಿಗೆ ಆ ಬಣ್ಣ ಬಳಿದು ಇಡುತ್ತೇವೆ. ಬಟ್ಟಲಲ್ಲಿ ಪೆನ್ಸಿಲ್, ಗಾಜಿನ ಬಳೆ, ಮಣಿಸರ ಇರುತ್ತವೆ. ಬಳೆಗಳು ಎಲ್ಲಕ್ಕಿಂತ ಮೊದಲು ಖಾಲಿ. ಆದರೆ ತೀರಾ ಚಿಕ್ಕ ಮಕ್ಕಳಿಗೆ ಗಾಜಿನ ಬಳೆ, ಮಣಿ ಕೊಡಬೇಡಿ.

ಪ್ರಶ್ನೆ: ನೀವು ಬರೆದ "ಗಂಜಿ ದೆವ್ವ" ಅಂದರೆ ಏನು?
— ಬೆಂಗಳೂರು, ಪುಣೆ ಮತ್ತು ಲಂಡನ್‌ನಿಂದ ಮೂವರು ಕೇಳಿದ್ದಾರೆ

ಉತ್ತರ: ಎರಡು ಲೋಟ ನೀರಿಗೆ ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕಲಸಿ, ಗಂಟಾಗದಂತೆ ಕುದಿಸಿ ಗಂಜಿ ಮಾಡಿ. ಬಾಟಲಿಯ ಬಾಯಿಗೆ ಪುಟ್ಟ ಬಲೂನು ಕೂರಿಸಿ. ಹಳೆಯ ತೆಳು ಮಲ್ ಪಂಚೆಯಿಂದ ಒಂದು ಮೊಳ ಚೌಕ ಕತ್ತರಿಸಿ, ಗಂಜಿಯಲ್ಲಿ ಅದ್ದಿ ಹಿಂಡಿ, ಬಲೂನಿನ ಮೇಲೆ ಹೊದಿಸಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ನೆರಿಗೆ ನೆರಿಗೆಯಾಗಿ ಹರಡಿ. ಒಂದು ದಿನ ಒಣಗಲಿ. ಬಲೂನು ಒಡೆದು, ಬಾಟಲಿ ತೆಗೆದರೆ ಪಂಚೆ ತಾನಾಗಿ ನಿಂತಿರುತ್ತದೆ. ಒಳಗೆ ಯಾರೂ ಇಲ್ಲದ ದೆವ್ವ! ಕಪ್ಪು ಕಾಗದದ ಕಣ್ಣು ಅಂಟಿಸಿ. ಮಳೆ, ಮಂಜು ತಾಗದ ಜಾಗದಲ್ಲಿ ಇಡಿ, ಒದ್ದೆಯಾದರೆ ಮತ್ತೆ ಬಟ್ಟೆಯಾಗುತ್ತದೆ. ಹಬ್ಬ ಮುಗಿದ ಮೇಲೆ ನಾನು ಬಿಸಿನೀರಿಗೆ ಹಾಕಿ ತೊಳೆದು ಎತ್ತಿಡುತ್ತೇನೆ. ನಮ್ಮ ಮನೆಯ ಏಳು ದೆವ್ವಗಳೂ ಮಾವನ ಎರಡು ಪಂಚೆಯಿಂದ ಆದವು.

ಗಿಡಗಳ ಮೇಲೆ ಹರಡುವ ಜೇಡರಬಲೆಯ ಎಳೆ ಮಾತ್ರ ತರಬೇಡಿ. ಅದರಲ್ಲಿ ಹಕ್ಕಿಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಪ್ರಶ್ನೆ: ಹಬ್ಬ ಮುಗಿದ ಮೇಲೆ ಇಷ್ಟೊಂದು ಕುಂಬಳಕಾಯಿ ಏನು ಮಾಡುತ್ತೀರಿ? ಎಸೆಯಲು ಮನಸ್ಸು ಬರುವುದಿಲ್ಲ.
— ಒಬ್ಬ ಓದುಗಿ, ಧಾರವಾಡದವರು, ಈಗ ಟೊರಾಂಟೊ

ಉತ್ತರ: ಕೆತ್ತಿದ್ದನ್ನು ತಿನ್ನಬೇಡಿ. ಅದು ಹೊರಗೆ ಇದ್ದದ್ದು, ಬ್ಲೀಚ್ ತಾಗಿದ್ದು. ಕೊಚ್ಚಿ ಗೊಬ್ಬರದ ಗುಂಡಿಗೆ ಹಾಕಿ. ಬೀಜಗಳನ್ನು ಕೆತ್ತುವ ದಿನವೇ ತೆಗೆದಿಟ್ಟುಕೊಂಡಿರುತ್ತೀರಿ. ತೊಳೆದು ಒರೆಸಿ, ಉಪ್ಪು, ಖಾರದ ಪುಡಿ, ಒಂದು ಚಮಚ ಎಣ್ಣೆ ಸವರಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಓವನ್‌ನಲ್ಲಿ ಹುರಿಯಿರಿ.

ಕೆತ್ತುವ ದೊಡ್ಡ ಜಾತಿಯ ತಿರುಳು ನೀರು ನೀರು, ನಾರು ಜಾಸ್ತಿ, ಹುಳಿಗೆ ರುಚಿ ಬರುವುದಿಲ್ಲ. ಅದಕ್ಕೇ ಹೆಸರು ಬರೆಯಲು ನಾನು ಬೆಳೆಯುವುದು ಕಡುಬಿಗೂ ಪಾಯಸಕ್ಕೂ ಆಗುವ ಸಣ್ಣ ಸಿಹಿ ಜಾತಿ. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂತು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಮಗ ವೇಷ ಹಾಕಿಕೊಂಡು ಹೊರಟ. ಮೆಟ್ಟಿಲ ಒಂದು ಕಡೆ ಕೆತ್ತಿದ ಕುಂಬಳ, ಇನ್ನೊಂದು ಕಡೆ ಮಣ್ಣಿನ ಹಣತೆ. ಮಾರನೇ ದಿನ ನವೆಂಬರ್ 1, ರಾಜ್ಯೋತ್ಸವ. ಕನ್ನಡ ಅಕ್ಷರದ ಕುಂಬಳಗಳಿಗೆ ಅರಿಶಿನ ಕುಂಕುಮ ಹಚ್ಚಿ ಬಾಗಿಲಲ್ಲಿ ಇಟ್ಟೆವು. ಕಾಲೇಜಿಗೆ ಹೋಗಿದ್ದ ಮಗಳು ತನ್ನ ಹೆಸರಿನದ್ದನ್ನು ತಾನು ಬರುವ ತನಕ ಒಡೆಯಬಾರದು ಅಂತ ಫೋನಿನಲ್ಲಿ ಹೇಳಿದಳು. ನವೆಂಬರ್ ಕೊನೆಯ ರಜೆಗೆ ಬಂದಳು, ಕಾಯಿ ಹಾಗೇ ಇತ್ತು.

ನೀವು ಧಾರವಾಡದವರು ಅಂದ ಮೇಲೆ ಗಾರಿಗೆ ನಿಮಗೇ ಗೊತ್ತು. ಆದರೂ ನಮ್ಮ ಮನೆಯ ಅಳತೆ ಹೇಳುತ್ತೇನೆ. ಎರಡು ಬಟ್ಟಲು ತುರಿದ ಕುಂಬಳಕ್ಕೆ ಒಂದು ಬಟ್ಟಲು ಬೆಲ್ಲ. ನೀರು ಹಾಕದೆ ಬೇಯಿಸಿ, ಆರಿದ ಮೇಲೆ ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ಚಿರೋಟಿ ರವೆ ಹಾಕಿ. ಹಿಡಿಸಿದಷ್ಟು ಗೋಧಿ ಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸಿ. ಅರ್ಧ ಗಂಟೆ ಬಿಟ್ಟು, ಗಸಗಸೆಯ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಕರಿಯಿರಿ. ಮಗಳು ಒಡೆಯುವ ಮುಂಚೆ ತನ್ನ ಹೆಸರಿದ್ದ ಸಿಪ್ಪೆಯನ್ನು ಅಗಲವಾಗಿ ಹೆರೆದು ತೆಗೆದಿಟ್ಟುಕೊಂಡಳು. ಅದು ಈಗ ಒಣಗಿ ಸುರುಳಿಯಾಗಿ ಅವಳ ಓದುವ ಮೇಜಿನ ಮೇಲೆ ಇದೆ.